ಲೇಬಲ್ ತೊಳೆದ ಪ್ಲೇಟು

ವೆಂಡೆಲ್ ಗ್ಯಾಸ್ಕಿನ್ಸ್‌ನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ಕೇಳಿದವರು ಬ್ರಾಂಕ್ಸ್‌ನ ಇಂಟರ್‌ವೇಲ್ ಅವೆನ್ಯೂದಲ್ಲಿ ಯಾರೂ ಇಲ್ಲ. ಕೆಟ್ಟ ಮನುಷ್ಯನೇನಲ್ಲ, ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಧರ್ಮಬುದ್ಧಿ, ಅಷ್ಟೆ. ಬೇಸ್‌ಬಾಲ್ ಆಟ ನೋಡಲು ಹೊರಟ ಒಂದು ಕುಟುಂಬ ಇವನನ್ನು ದಾರಿ ಕೇಳಿ ಮೃಗಾಲಯ ತಲುಪಿ, ಹೇಗೂ ಬಂದಾಯಿತಲ್ಲ ಎಂದು ಜಿರಾಫೆ ನೋಡಿಕೊಂಡು ಹೋದದ್ದುಂಟು. ಶಾಲೆಯ ಬಸ್ಸು ಓಡಿಸುತ್ತಿದ್ದಷ್ಟು ಕಾಲವೂ ಮಕ್ಕಳೇ ಇವನಿಗೆ ದಾರಿ ಹೇಳುತ್ತಿದ್ದುದರಿಂದ ಅಪಾಯವೇನೂ ಆಗಲಿಲ್ಲ. ಈಗ ನಿವೃತ್ತನಾಗಿದ್ದ. ದಾರಿ ಹೇಳಿಕೊಡುವವರಿಲ್ಲದೆ ನಾಲಿಗೆ ತನಗೆ ತೋಚಿದ ಕಡೆ ಹೋಗುತ್ತಿತ್ತು.

ಅದು ಹೆಚ್ಚಾಗಿ ಹೋಗುತ್ತಿದ್ದುದು ಡೆಲ್‌ರಾಯ್‌ನ ಕ್ಷೌರದಂಗಡಿಗೆ. ಅಲ್ಲಿ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ವೆಂಡೆಲ್ ವರ್ಷಗಟ್ಟಲೆಯಿಂದ ಒಂದೇ ಮಾತನ್ನು ಹೇಳುತ್ತ ಬಂದಿದ್ದ.

“‘ಲ್ಯಾಂಪ್ ಪೋಸ್ಟ್’ ಹಾಡಿಂದು ಆ ತಾಳ ಇದೆಯಲ್ಲ, ಅದು ಯಾವ ರೆಕಾರ್ಡಿಂದ ಬಂತು ಅನ್ನೋದು ಈ ಭೂಮಿ ಮೇಲೆ ಒಬ್ಬನಿಗೆ ಮಾತ್ರ ಗೊತ್ತು. ಆ ಒಬ್ಬ ಈಗ ನಿನ್ನ ಕುರ್ಚೀಲಿ ಕೂತಿದಾನೆ ಡೆಲ್‌ರಾಯ್. ಕಿವಿ ಹತ್ರ ಕತ್ತರಿ ಹುಷಾರು.”

“ಹಾಗಾದ್ರೆ ಹೇಳಿಬಿಡು ಮಾರಾಯ.”

“ಅದು ಗುಟ್ಟು.”

ಗುಟ್ಟು ನಿಜ. ಎಷ್ಟರ ಮಟ್ಟಿಗೆ ಗುಟ್ಟೆಂದರೆ ವೆಂಡೆಲ್‌ಗೂ ಗೊತ್ತಿರಲಿಲ್ಲ.

ಇಂಟರ್‌ವೇಲ್ ಫೋರ್ ಎಂದರೆ ‘ಲ್ಯಾಂಪ್ ಪೋಸ್ಟ್’ ಹಾಡಿದ ನಾಲ್ಕು ಜನ. ರೆಕಾರ್ಡು ತಿರುಗಿಸುವವನು ರೂಪರ್ಟ್ ಮೇನಾರ್ಡ್. ಮೈಕು ಹಿಡಿದು ತಾಳಕ್ಕೆ ತಕ್ಕಂತೆ ಮಾತು ಪೋಣಿಸುವವರು ಮೂವರು. ಆ ಮೂವರಲ್ಲಿ ಕಿರಿಯವನು ಟೆಡ್ಡಿ. ಬ್ರಾಂಕ್ಸ್‌ನಲ್ಲಿ ಮನೆಗಳು ಸಾಲುಸಾಲಾಗಿ ಸುಟ್ಟುಹೋಗುತ್ತಿದ್ದ ಕಾಲ. ಪಾರ್ಕಿನಲ್ಲಿ ಬೀದಿದೀಪದ ಕಂಬದ ಬುಡ ಬಿಚ್ಚಿ, ಅಲ್ಲಿಂದ ಕರೆಂಟು ಎಳೆದು, ಬೀರುವಿನಷ್ಟು ದೊಡ್ಡ ಸ್ಪೀಕರ್ ನಿಲ್ಲಿಸಿ ಇವರು ಹಾಡಿಸುತ್ತಿದ್ದರೆ, ಬೇಸಿಗೆಯ ಸಂಜೆ ಇಡೀ ಕೇರಿ ಕುಣಿಯುತ್ತಿತ್ತು. ಕೆಲಸ ಕಳೆದುಕೊಂಡವರು ಕುಣಿದರು, ಮನೆ ಕಳೆದುಕೊಂಡವರೂ ಕುಣಿದರು. ಈಗ ಆ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗವಿದೆ. ಆದರೆ ಆ ಸಂಜೆಗಳನ್ನು ಕಂಡವರು ಇಂದಿಗೂ ಅಲ್ಲಿ ಹಾದುಹೋಗುವಾಗ ಸ್ವಲ್ಪ ನಿಧಾನವಾಗಿ ನಡೆಯುತ್ತಾರೆ.

ಆ ಕಾಲದ ಡಿಜೆಗಳಿಗೆ ಇಡೀ ಹಾಡು ಬೇಕಾಗಿರಲಿಲ್ಲ. ಹಾಡುವವನು ಬಾಯಿ ಮುಚ್ಚಿ ತಾಳದವರು ಮಾತ್ರ ಬಾರಿಸುವ ಎರಡು ಗಳಿಗೆ ಇರುತ್ತದಲ್ಲ, ಅಷ್ಟು ಸಾಕು. ಹಲಸಿನ ಹಣ್ಣಲ್ಲಿ ತೊಳೆ ಬಿಡಿಸಿಕೊಂಡು ಉಳಿದದ್ದನ್ನು ಬಿಟ್ಟ ಹಾಗೆ, ಅದೊಂದು ತುಣುಕನ್ನೇ ಬೆರಳಲ್ಲಿ ಹಿಂದಕ್ಕೆ ತಿರುಗಿಸಿ ತಿರುಗಿಸಿ ಮತ್ತೆ ಮತ್ತೆ ಹಾಕುತ್ತಿದ್ದರು. ಒಳ್ಳೆಯ ತುಣುಕು ಸಿಕ್ಕರೆ ಅದು ನಿಧಿ. ಪಕ್ಕದ ಕೇರಿಯ ಡಿಜೆ ಬಂದು, ಹೆಗಲ ಮೇಲಿಂದ ಕತ್ತು ಚಾಚಿ ಲೇಬಲ್ ಓದಿಕೊಂಡು, ಮರುದಿನ ತಾನೂ ಅದೇ ಪ್ಲೇಟು ಕೊಂಡರೆ ಕಥೆ ಮುಗಿಯಿತು. ಅದಕ್ಕೇ ಲೇಬಲ್ಲುಗಳನ್ನು ಬಿಸಿನೀರಲ್ಲಿ ನೆನೆಹಾಕಿ, ಚಮಚದಲ್ಲಿ ಕೆರೆದು ತೆಗೆಯುವ ಪದ್ಧತಿ ಇತ್ತು.

ಇಂಟರ್‌ವೇಲ್ ಫೋರ್‌ನಲ್ಲಿ ಈ ಕೆರೆಯುವ ಖಾತೆ, ನಾಲ್ವರಲ್ಲಿ ಒಬ್ಬನಲ್ಲದಿದ್ದರೂ, ವೆಂಡೆಲ್‌ನದು. ಟೆಡ್ಡಿಯ ಅಕ್ಕ ಲೊರೇನ್ ಮೇಲೆ ಅವನಿಗೆ ಕಣ್ಣಿತ್ತು. ಸ್ನಾನದ ತೊಟ್ಟಿ ಅವಳ ಮನೆಯಲ್ಲಿತ್ತು. ಪ್ರೇಮ ಮತ್ತು ಸಂಗೀತ ಎರಡಕ್ಕೂ ಒಂದೇ ತೊಟ್ಟಿ ಸಾಕಾಯಿತು. ರೂಪರ್ಟ್‌ನ ಆಜ್ಞೆ ಬಹಳ ಸರಳವಾಗಿತ್ತು:

“ಲೇಬಲ್ ಕಂಡ್ರೆ ನೀರಿಗೆ ಹಾಕು. ಯೋಚ್ನೆ ಮಾಡೋಕೆ ಹೋಗ್ಬೇಡ ವೆಂಡೆಲ್, ಅದು ನಿನ್ನ ಕೈಲಾಗೋ ಕೆಲ್ಸ ಅಲ್ಲ.”

ತೊಳೆದ ಮೇಲೆ ಎಲ್ಲ ಪ್ಲೇಟೂ ಒಂದೇ ಕಪ್ಪು. ಗುರುತಿಗೆ ಲೊರೇನ್‌ಳ ಉಗುರುಬಣ್ಣದಲ್ಲಿ ಚುಕ್ಕೆ ಇಡುತ್ತಿದ್ದ. ಒಂದು ಚುಕ್ಕೆ ಎಂದರೆ ಏನು, ಎರಡು ಎಂದರೆ ಏನು ಎಂಬುದು ವಾರ ಕಳೆಯುವಷ್ಟರಲ್ಲಿ ಅವನಿಗೇ ಮರೆತುಹೋಗುತ್ತಿತ್ತು. ಮೂರು ಕೆಂಪು ಚುಕ್ಕೆಯ ಪ್ಲೇಟಿನಲ್ಲಿ ಸೂಜಿ ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿದರೆ, ಗೆಜ್ಜೆಯಂಥ ಒಂದು ಸದ್ದು, ಅದರ ಕೆಳಗೆ ನೆಲದೊಳಗಿಂದ ಬಂದಂಥ ‘ಧಮ್’. ಆ ‘ಧಮ್’ ಮೇಲೇ ‘ಲ್ಯಾಂಪ್ ಪೋಸ್ಟ್’ ನಿಂತದ್ದು. ಹಾಡು ಸ್ಟುಡಿಯೋದಲ್ಲಿ ಮುಗಿದ ದಿನ, ಮನೆಗೆ ಬರುವಾಗ, ಕಾರಿನ ಹಿಂದಿನ ಸೀಟಿನಲ್ಲಿದ್ದ ಆ ಪ್ಲೇಟಿನ ಮೇಲೆ ವೆಂಡೆಲ್ ಕೂತುಬಿಟ್ಟ. ಅಲ್ಲಿಗೆ ಆ ಧಮ್ಮಿನ ಹುಟ್ಟು ಯಾವ ಮನೆತನದ್ದೆಂದು ಹೇಳುವ ಸಾಕ್ಷಿ ಎರಡು ಹೋಳಾಯಿತು.

ಹೀಗೆ ಮೂವತ್ತೈದು ವರ್ಷ ಸುಖವಾಗಿ ಕಳೆಯಿತು.

ಆಮೇಲೆ ಒಂದು ದಿನ ರೂಪರ್ಟ್ ಕ್ಷೌರದಂಗಡಿಗೆ ಬಂದ. ಗಡ್ಡ ಬೆಳ್ಳಗಾಗಿತ್ತು, ಮಂಡಿ ನೋವು, ಆದರೆ ಬೆರಳು ಮಾತ್ರ ಹಳೆಯ ಅಭ್ಯಾಸದಂತೆ ಕುರ್ಚಿಯ ತೋಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿತ್ತು. ಜೊತೆಗೆ ಪ್ರಿಸಿಲ್ಲಾ ವಾಂಗ್ ಎಂಬ ಹೆಣ್ಣುಮಗಳು. ಮ್ಯಾನ್‌ಹ್ಯಾಟನ್‌ನ ರೆಕಾರ್ಡು ಕಂಪನಿಯೊಂದರ ವಕೀಲೆ. ಇಂಟರ್‌ವೇಲ್ ಫೋರ್‌ನ ಶ್ರೇಷ್ಠ ಹಾಡುಗಳ ಸಂಕಲನ ಬರಲಿದೆ ಎಂದಳು. ಹಳೆಯ ಕಾಲದಂತೆ ಕಪ್ಪು ಪ್ಲೇಟಿನಲ್ಲೇ. ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಅರ್ಧ ತಲೆ ಬೋಳಿಸಿಕೊಂಡವನು ಕೂಡ ಎದ್ದು ನಿಂತ.

“ಒಂದೇ ತೊಂದರೆ,” ಎಂದಳು ವಕೀಲೆ. “ಆಗಿನ ಕಾಲದಲ್ಲಿ ಯಾರೂ ಯಾರನ್ನೂ ಕೇಳ್ತಿರಲಿಲ್ಲ. ಈಗ ಕಾನೂನು ಬೇರೆ. ‘ಲ್ಯಾಂಪ್ ಪೋಸ್ಟ್’ ತಾಳ ಯಾರದ್ದು ಅಂತ ಗೊತ್ತಾಗಿ ಅವರು ಒಪ್ಪಿಗೆ ಕೊಟ್ರೆ ಹಾಡು ಒಳಗೆ. ಇಲ್ಲಾಂದ್ರೆ ಹೊರಗೆ.”

ಶ್ರೇಷ್ಠ ಹಾಡುಗಳ ಸಂಕಲನದಲ್ಲಿ ಅತಿ ಶ್ರೇಷ್ಠವಾದದ್ದೇ ಇಲ್ಲವೆಂದರೆ ಮದುಮಗನಿಲ್ಲದ ಮದುವೆ. ಎದ್ದು ನಿಂತಿದ್ದವನು ಮತ್ತೆ ಕೂತ. ಆಗ ಡೆಲ್‌ರಾಯ್ ಕತ್ತರಿ ಕೆಳಗಿಟ್ಟು ಗಂಭೀರವಾಗಿ ಹೇಳಿದ:

“ಅಮ್ಮಾ, ಚಿಂತೆ ಬೇಡ. ಭೂಮಿ ಮೇಲೆ ಅದು ಗೊತ್ತಿರೋನು ಒಬ್ಬನೇ. ಇಗೋ, ಇಲ್ಲೇ ಕೂತಿದಾನೆ.”

ಎಲ್ಲರ ಕಣ್ಣೂ ವೆಂಡೆಲ್ ಮೇಲೆ ಬಿದ್ದವು. ಆ ಹೊತ್ತಿನಲ್ಲಿ ‘ಗೊತ್ತಿಲ್ಲ’ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ವೆಂಡೆಲ್ ಕಿಟಕಿಯಿಂದ ಹೊರಗೆ ನೋಡಿದ. ಎದುರಿಗೆ ನೆಫ್ತಾಲಿ ಕಿನ್ಯೋನೆಸ್‌ನ ದಿನಸಿ ಅಂಗಡಿ. ಬಾಗಿಲ ಮೇಲೆ ಪೋರ್ಟರಿಕೋದ ಬಾವುಟ.

“ಪೋರ್ಟರಿಕೋ ಬ್ಯಾಂಡು,” ಎಂದ. “ಮಾಯಾಗ್ವೆಸ್ ಊರಿಂದು.”

ಸಂಜೆಯೊಳಗೆ ಸುದ್ದಿ ಬೀದಿ ದಾಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲಿಲ್ಲ? ನೆಫ್ತಾಲಿ ಏಪ್ರನ್ ಸಮೇತ ಓಡಿಬಂದು ವೆಂಡೆಲ್‌ನನ್ನು ತಬ್ಬಿಕೊಂಡ.

“ನಮ್ಮ ದೊಡ್ಡಪ್ಪ! ಮಾಯಾಗ್ವೆಸ್ ಬ್ಯಾಂಡಲ್ಲಿ ಬೊಂಗೋ ಬಾರಿಸ್ತಿದ್ದದ್ದು ನಮ್ಮ ದೊಡ್ಡಪ್ಪ! ಆ ‘ಧಮ್’ ಕೇಳ್ದಾಗೆಲ್ಲ ನನ್ನ ರಕ್ತ ಕುದೀತಿತ್ತು ಕಣೋ, ಯಾಕೆ ಅಂತ ಈಗ ಗೊತ್ತಾಯ್ತು!”

“ಮೊನ್ನೆ ಡಾಕ್ಟ್ರು ನಿಂಗೆ ಬಿಪಿ ಅಂದ್ರಲ್ಲ, ಅದಿರಬೇಕು,” ಎಂದ ಡೆಲ್‌ರಾಯ್. ಅವನು ಜಮೈಕಾದವನು. ಆ ತಾಳ ಜಮೈಕಾದ್ದೇ ಎಂದು ಇಷ್ಟು ವರ್ಷ ನಂಬಿದ್ದವನಿಗೆ ಹೊಟ್ಟೆ ಉರಿದಿತ್ತು.

ಮರುದಿನ ಕಿಟಕಿ ಕಿಟಕಿಗೂ ಬಾವುಟ ಬಂತು. ವೆಂಡೆಲ್‌ಗೆ ಕಾಫಿ ಬಿಟ್ಟಿ; ಬಾಳೆಲೆಯಲ್ಲಿ ಸುತ್ತಿದ ಪಾಸ್ತೆಲೆಸ್ ಕಡುಬು ಮನೆಗೇ ಬಂತು. ನಗರಸಭಾ ಸದಸ್ಯರೊಬ್ಬರು ಬಂದು, ಈ ತಾಳ ಎರಡು ಜನಾಂಗಗಳ ಸೇತುವೆ ಎಂದು ಭಾಷಣ ಮಾಡಿ, ಸೇತುವೆಯ ಮೇಲೆ ನಿಂತವರಂತೆ ಫೋಟೋ ತೆಗೆಸಿಕೊಂಡರು. ಮೂರನೆಯ ದಿನ ನೆಫ್ತಾಲಿ ತನ್ನ ಚಿಕ್ಕಮ್ಮನ ಪೆಟ್ಟಿಗೆಯಿಂದ ದೊಡ್ಡಪ್ಪನ ರೆಕಾರ್ಡು ತರಿಸಿದ. ಹಾಕಿ ಕೇಳಿದರು. ಅಳುಮುಂಜಿ ಪ್ರೇಮಗೀತೆ. ನಡುನಡುವೆ ಯಾರೋ ಬಾಗಿಲು ತಟ್ಟಿದಂತೆ ಎರಡು ಪೆಟ್ಟು. ದೊಡ್ಡಪ್ಪನ ಕೊಡುಗೆ ಅಷ್ಟೇ.

“ಒಳ್ಳೇ ಮನುಷ್ಯ,” ಎಂದ ಡೆಲ್‌ರಾಯ್. “ಯಾರ ನಿದ್ದೇನೂ ಕೆಡಿಸೋನಲ್ಲ.”

ಬಾವುಟಗಳು ಇಳಿದವು. ಕಾಫಿಗೆ ಮತ್ತೆ ಬೆಲೆ ಬಂತು. ಕ್ಷೌರದಂಗಡಿಯಲ್ಲಿ ಮತ್ತೆ ಸಭೆ ಸೇರಿದಾಗ ರೂಪರ್ಟ್ ಹಲ್ಲು ಕಚ್ಚಿಕೊಂಡು ಕೇಳಿದ: “ಸರಿಯಾಗಿ ನೆನಪು ಮಾಡ್ಕೊ ವೆಂಡೆಲ್. ಯಾವ ರೆಕಾರ್ಡು?”

“ಹೌದ್ಹೌದು, ಈಗ ಬಂತು ನೋಡು,” ಎಂದ ವೆಂಡೆಲ್. ಬಂದದ್ದು ಬೆವರು ಮಾತ್ರ. “ಜರ್ಮನ್ ಮಿಲಿಟರಿ ಬ್ಯಾಂಡು.”

ಹ್ಯಾಂಬರ್ಗ್‌ನಲ್ಲಿ ಉವೆ ಲಿಂಡೆಮನ್ ಎಂಬ ವಿದ್ವಾಂಸರಿದ್ದರು. ಬ್ರಾಂಕ್ಸ್‌ನ ಸಂಗೀತದ ಮೇಲೆ ದಪ್ಪ ಪುಸ್ತಕ ಬರೆದವರು. ಆ ‘ಧಮ್’ ಬ್ರೆಜಿಲ್ಲಿನ ಕಾಡಿನ ಟೊಳ್ಳು ಮರದ ನಗಾರಿಯದು ಎಂದು ಒಂದು ಇಡೀ ಅಧ್ಯಾಯದಲ್ಲಿ ಸಿದ್ಧಮಾಡಿ ತೋರಿಸಿದ್ದರು. ವಕೀಲೆಯಿಂದ ವಿಷಯ ತಿಳಿದು ಅವರು ಫೋನ್ ಮಾಡಿ ಗದ್ಗದರಾದರು. ಆ ಅಧ್ಯಾಯವನ್ನು ಈಗಲೇ ಹರಿದುಹಾಕುತ್ತೇನೆ ಎಂದರು. ಹರಿದ ಸದ್ದೂ ಫೋನಿನಲ್ಲಿ ಕೇಳಿಸಿತು. ವಾರದ ಮೇಲೆ ಮತ್ತೆ ಅವರ ಫೋನು.

“ಮಿಸ್ಟರ್ ಗ್ಯಾಸ್ಕಿನ್ಸ್, ನಮ್ಮ ದೇಶದ ಮಿಲಿಟರಿ ಬ್ಯಾಂಡುಗಳನ್ನೆಲ್ಲಾ ಕೇಳ್ದೆ. ಈ ಲಯ ಯಾರಿಗೂ ಇಲ್ಲ. ಇದ್ದಿದ್ರೆ ನಮ್ಮ ಚರಿತ್ರೇನೇ ಬೇರೆ ಥರ ಇರ್ತಿತ್ತು.”

ಫೋನು ಇಟ್ಟಾಗ ಎದುರಿಗೆ ಲೊರೇನ್ ನಿಂತಿದ್ದಳು. ಇಷ್ಟು ದಿನ ಗಂಡನ ಮಾತನ್ನು ಮಳೆ ಬಿಸಿಲಿನಂತೆ ಸಹಿಸಿಕೊಂಡು ಬಂದ ಹೆಂಗಸು. ಈಗ ಸೊಂಟದ ಮೇಲೆ ಕೈ ಇತ್ತು.

“ನಿಂಗೆ ಗೊತ್ತಿಲ್ಲ ಅಲ್ವಾ?”

“ಹಾಗಂತ ಅಲ್ಲ. ಗೊತ್ತು, ಆದ್ರೆ ಈಗ ಸದ್ಯಕ್ಕೆ...”

“ವೆಂಡೆಲ್, ಬೇರೆ ಹಾಡಲ್ಲೆಲ್ಲಾ ಟೆಡ್ಡಿ ಹಿಂದೆ ನಿಂತು ‘ಹೋ’ ಅಂತಾನೆ, ಅಷ್ಟೇ. ಇದೊಂದು ಹಾಡಲ್ಲಿ ಮಾತ್ರ ಒಂದಿಡೀ ಚರಣ ಅವನೊಬ್ಬನೇ ಹೇಳೋದು. ಇದು ಹೋಯ್ತು ಅಂದ್ರೆ ನನ್ನ ತಮ್ಮ ಆ ಪ್ಲೇಟಲ್ಲೇ ಇಲ್ಲ. ನಾಳೆ ಹುಟ್ಟೋ ಮಕ್ಕಳಿಗೆ ಇಂಟರ್‌ವೇಲ್ ಫೋರ್ ಅಂದ್ರೆ ಮೂರೇ ಜನ. ನಿನ್ನ ಜಂಬಕ್ಕೆ ನೀನು ಎಲ್ರನ್ನೂ ಊರೂರು ತಿರುಗಿಸ್ತಿದ್ದೀಯ, ಇಲ್ಲಿ ಅವನು ಎರಡನೇ ಸಲ ಸಾಯ್ತಿದಾನೆ.”

ಟೆಡ್ಡಿ ವೆಂಡೆಲ್‌ಗೂ ತಮ್ಮನಂತೆಯೇ ಇದ್ದವನು. ತೊಟ್ಟಿಯ ಅಂಚಿನಲ್ಲಿ ಕೂತು, ತೊಳೆದ ಪ್ಲೇಟುಗಳನ್ನು ತನ್ನ ಅಂಗಿಯಲ್ಲೇ ಒರೆಸಿ ಕೊಡುತ್ತ, ಬಾಯಿಪಾಠ ಮಾಡಿದ ಸಾಲುಗಳನ್ನು ಇವನ ಮೇಲೆ ಪ್ರಯೋಗಿಸುತ್ತಿದ್ದ ಹುಡುಗ. ಅಸ್ತಮಾ ಇತ್ತು. ಮೂವತ್ತು ತುಂಬುವ ಮೊದಲೇ ಒಂದು ಆಗಸ್ಟ್ ತಿಂಗಳಲ್ಲಿ ಹೋಗಿಬಿಟ್ಟ.

ಅವನ ತಾಯಿ, ಎಂದರೆ ವೆಂಡೆಲ್‌ನ ಅತ್ತೆ, ಇನ್ನೂ ಗಟ್ಟಿಯಾಗಿದ್ದಳು. ಮಗಳ ಮನೆಯಲ್ಲೇ ಇದ್ದಳು. ಊರಿಗೆಲ್ಲಾ ಮಿಸ್ ಯೂಲಾ. ದೇವರ ಹಾಡು ಬಿಟ್ಟರೆ ಉಳಿದದ್ದೆಲ್ಲ ಸೈತಾನನ ಹಾಡು ಎಂಬ ಸ್ಪಷ್ಟ ಸಿದ್ಧಾಂತದ ಹೆಂಗಸು. ‘ಆ ಗಲಾಟೆ ನನ್ನ ಮನೇಲಿ ಬೇಡ’ ಎಂದು ಮಗನಿಗೆ ಹೇಳಿದ್ದಳು. ಮಗ ಸತ್ತ ಮೇಲೆ ‘ಲ್ಯಾಂಪ್ ಪೋಸ್ಟ್’ ಹಾಡಿನ ಮೊದಲ ಕೂಗು ಯಾವ ಕಾರಿನಿಂದ ಕೇಳಿಬಂದರೂ ಎದ್ದು ಕಿಟಕಿ ಮುಚ್ಚುತ್ತಿದ್ದಳು. ಕೋಪಕ್ಕೋ ದುಃಖಕ್ಕೋ ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಅವಳು ಆ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೊನೆಯ ಪ್ರಯತ್ನವೆಂದು ರೂಪರ್ಟ್ ತನ್ನ ಯಂತ್ರ ಹೊತ್ತು ವೆಂಡೆಲ್‌ನ ಮನೆಗೇ ಬಂದ. ಪ್ರಿಸಿಲ್ಲಾ ವಾಂಗ್ ಬಂದಳು. ಸಂಕಲನ ಅಚ್ಚಿಗೆ ಹೋಗುವ ದಿನ ಹತ್ತಿರವಾಗಿತ್ತು. ಡೆಲ್‌ರಾಯ್ ಮತ್ತು ನೆಫ್ತಾಲಿ, ಕರೆಯದಿದ್ದರೂ, ತಮ್ಮ ತಮ್ಮ ದೇಶದ ಪ್ರತಿನಿಧಿಗಳಾಗಿ ಬಂದರು. ಮಿಸ್ ಯೂಲಾ ಚರ್ಚಿನಿಂದ ಬಂದು, ಬಿಳಿ ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದಳು. ಕಿವಿ ಮಂದವಾಗಿದೆ, ಕೇಳಿಸುವುದಿಲ್ಲ ಎಂದು ಲೊರೇನ್ ಬಾಗಿಲು ಅರ್ಧ ಎಳೆದಳು.

“ಹಾಡು ಬೇಡ,” ಎಂದ ರೂಪರ್ಟ್. “ಪ್ಲೇಟಿನ ಹಿಂದಿನ ಮಗ್ಗುಲಲ್ಲಿ ಮಾತಿಲ್ಲದೆ ಬರೀ ತಾಳ ಇದೆ. ಅದನ್ನೇ ಹಾಕ್ತೀನಿ. ಕಣ್ಣು ಮುಚ್ಚಿ ಕೇಳು ವೆಂಡೆಲ್. ತೊಟ್ಟೀನ ನೆನೆಸ್ಕೊ. ನೀರನ್ನ ನೆನೆಸ್ಕೊ.”

ಸೂಜಿ ಇಳಿಯಿತು. ಗೆಜ್ಜೆಯ ಸದ್ದು, ಕೆಳಗೆ ‘ಧಮ್’. ಮತ್ತೆ ಗೆಜ್ಜೆ, ಮತ್ತೆ ‘ಧಮ್’. ವೆಂಡೆಲ್ ಕಣ್ಣು ಮುಚ್ಚಿ ನೀರನ್ನು ನೆನೆಸಿಕೊಂಡ, ಬಚ್ಚಲಿಗೆ ಹೋಗಬೇಕೆನಿಸಿತು. ಬೇರೇನೂ ನೆನಪಾಗಲಿಲ್ಲ.

“ಮಾರ್ಟಿನೀಕ್ ದ್ವೀಪದ್ದು,” ಎಂದು ಬಾಯಿ ತೆರೆದ.

“ಇವನ ಬಾಯಿಗೆ ಯಾರಾದ್ರೂ ಟವೆಲ್ ತುರುಕಿ,” ಎಂದ ರೂಪರ್ಟ್.

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ಮಿಸ್ ಯೂಲಾ, ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಜಾಲರಿ ಸೌಟು. ಕಿವಿ ಮಂದ ನಿಜ. ಆದರೆ ನೆಲದ ಸದ್ದು ಕಿವಿಯ ಮೂಲಕವೇ ಬರಬೇಕೆಂದಿಲ್ಲ.

ಲೊರೇನ್ ಗಾಬರಿಯಾಗಿ ಎದ್ದಳು. “ನಿಲ್ಲಿಸ್ತಾರೆ ಮಮ್ಮಾ, ಈಗಲೇ ನಿಲ್ಲಿಸ್ತಾರೆ...”

“ಯಾಕೆ ನಿಲ್ಲಿಸ್ಬೇಕು?” ಎಂದಳು ಮಿಸ್ ಯೂಲಾ. “ಅದು ನನ್ನ ಕಾಲು.”

ಯಾರಿಗೂ ಅರ್ಥವಾಗಲಿಲ್ಲ. ನೆಫ್ತಾಲಿ ಅವಳ ಕಾಲು ನೋಡಿದ. ಚರ್ಚಿಗೆ ಹಾಕುವ ದಪ್ಪ ಹಿಮ್ಮಡಿಯ ಬಿಳಿ ಬೂಟು.

“ಯಾವ ನಿಮ್ಮ ಕಾಲು, ಮಿಸ್ ಯೂಲಾ?” ಎಂದು ರೂಪರ್ಟ್ ಮೆಲ್ಲಗೆ ಕೇಳಿದ.

“ಬಲಗಾಲು ಕಣಪ್ಪ, ಅದು ಎಲ್ರಿಗೂ ಒಂದೇ ಇರೋದು. ಮೌಂಟ್ ನೀಬೋ ಚರ್ಚಿಂದು ರೆಕಾರ್ಡು ಮಾಡಿದ್ವಲ್ಲ, ಆಗ. ಅದು ಮುಂಚೆ ಕುರ್ಚಿ ಮೇಜು ಮಾರೋ ಅಂಗಡಿ, ಹಲಗೆ ನೆಲ. ಎರಡನೇ ಹಾಡಿನ ಮಧ್ಯ ಆರ್ಗನ್ನಿನ ಫ್ಯೂಸು ಹೋಯ್ತು. ಹಾಡೋರೆಲ್ಲಾ ಗಪ್‌ಚುಪ್. ರೆಕಾರ್ಡು ಮಾಡೋನ ಮಷಿನ್ ಬೇರೆ ಪ್ಲಗ್ಗಲ್ಲಿತ್ತು, ಅದು ಓಡ್ತಾನೇ ಇತ್ತು. ದೇವರ ಹಾಡು ಅರ್ಧಕ್ಕೆ ನಿಲ್ಲಬಾರ್ದು ಅಂತ ಕರೆಂಟು ಬರೋ ತನಕ ನಾನೊಬ್ಳೇ ದಮ್ಮಡಿ ಬಾರಿಸ್ಕೊಂಡು ಕಾಲು ಕುಟ್ದೆ. ‘ಇರ್ಲಿ ಬಿಡು, ಅದೂ ಸ್ತುತೀನೇ’ ಅಂದ್ರು ಪಾಸ್ಟರ್.”

ಬ್ರೆಜಿಲ್ಲಿನ ಟೊಳ್ಳು ಮರ, ಮಾಯಾಗ್ವೆಸ್‌ನ ದೊಡ್ಡಪ್ಪ, ಜರ್ಮನಿಯ ಸೈನ್ಯ, ಎಲ್ಲರೂ ಆ ಬಿಳಿ ಬೂಟಿನ ಮುಂದೆ ತಲೆತಗ್ಗಿಸಿದರು. ರೂಪರ್ಟ್ ಕುರ್ಚಿಯಲ್ಲಿ ಕುಸಿದ. ಮಿಸ್ ಯೂಲಾ ಮಾತ್ರ ಬೇರೆ ಯೋಚನೆಯಲ್ಲಿದ್ದಳು. ಹುಬ್ಬು ನಿಧಾನವಾಗಿ ಗಂಟಿಕ್ಕಿತು.

“ಆ ರೆಕಾರ್ಡು ನನ್ನ ಹತ್ರ ಒಂದಿತ್ತು. ಮನೆಯಿಂದ ಮಾಯವಾಯ್ತು. ಚರ್ಚಲ್ಲಿ ನನ್ನ ಜೊತೆ ಹಾಡ್ತಿದ್ದ ಸಿಸ್ಟರ್ ಒಡೆಸ್ಸಾ ಅವತ್ತು ಕಾಫಿಗೆ ಬಂದಿದ್ಲು. ಅವಳೇ ಕದ್ಲು ಅಂತ ಇಷ್ಟು ವರ್ಷ ಅವಳ ಮುಖ ನೋಡಿಲ್ಲ ನಾನು. ಅವಳ ಗಂಡನ ಮಣ್ಣಿಗೂ ಹೋಗ್ಲಿಲ್ಲ. ನಿಮ್ಮ ಕೈಗೆ ಹೇಗೆ ಬಂತು ಅದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವೆಂಡೆಲ್ ಕೈ ತಾನಾಗಿಯೇ ಮೇಲೆ ಹೋಯಿತು. ಈಗ, ಯಾವಾಗ ಬೇಡವೋ ಆಗ, ಅವನಿಗೆ ಎಲ್ಲ ನೆನಪಾಯಿತು. ನೇರಳೆ ಬಣ್ಣದ ಲೇಬಲ್ಲು, ಅದರ ಮೇಲೆ ಒಂದು ಪಾರಿವಾಳ. ಅತ್ತೆಯ ಸ್ಟೀರಿಯೋ ಪೆಟ್ಟಿಗೆಯ ಮೇಲೆ ಒಂಟಿಯಾಗಿ ಬಿದ್ದಿತ್ತು. ಪಕ್ಕದಲ್ಲೇ ತಾನು ಇಳಿಸಿದ ರೂಪರ್ಟ್‌ನ ಪ್ಲೇಟುಗಳ ಪೆಟ್ಟಿಗೆ. ಅದೂ ಆ ಪೆಟ್ಟಿಗೆಯದ್ದೇ ಎಂದುಕೊಂಡಿದ್ದ.

“ಅದಕ್ಕೆ ಲೇಬಲ್ ಇತ್ತು ಮಿಸ್ ಯೂಲಾ,” ಎಂದ ಕ್ಷೀಣವಾಗಿ. “ಲೇಬಲ್ ಕಂಡ್ರೆ ನೀರಿಗೆ ಹಾಕು ಅಂತ ಆರ್ಡರ್ ಆಗಿತ್ತು.”

“ನನ್ನ ಯೇಸುವಿನ ರೆಕಾರ್ಡನ್ನ ನನ್ನ ತೊಟ್ಟೀಲೇ ಮುಳುಗಿಸಿದ್ಯಾ?”

“ಬಿಸಿನೀರಲ್ಲೇ.”

“ಎಲ್ಲಿದೆ ಈಗ?”

ವೆಂಡೆಲ್ ಗೋಡೆ ನೋಡಿದ, ಮಾಡು ನೋಡಿದ. “ಅದರ ಮೇಲೆ ಕೂತ್ಕೊಂಡೆ.”

ಸೌಟು ಮೇಲೆದ್ದದ್ದನ್ನು ಎಲ್ಲರೂ ನೋಡಿದರು. ಪ್ರಿಸಿಲ್ಲಾ ವಾಂಗ್ ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಆದರೆ ಸೌಟು ಬೀಳಲಿಲ್ಲ. ಮಿಸ್ ಯೂಲಾ ಅದನ್ನು ಅಳಿಯನ ಕೈಗೇ ಕೊಟ್ಟು, “ಮೀನು ಸೀದುಹೋಗ್ದಂಗೆ ನೋಡ್ಕೊ. ಅದರ ಮೇಲೂ ಕೂತ್ಕೊಬೇಡ,” ಎಂದು ಹೇಳಿ ಫೋನಿನ ಹತ್ತಿರ ಹೋದಳು. ಎಷ್ಟು ವರ್ಷವಾದರೂ ಒಡೆಸ್ಸಾಳ ನಂಬರು ಅವಳ ಬೆರಳಿಗೆ ಮರೆತಿರಲಿಲ್ಲ.

“ಒಡೆಸ್ಸಾ, ನಾನು ಯೂಲಾ. ಹ್ಞೂ, ಬದುಕಿದೀನಿ. ನೋಡು, ನೀನು ಕಳ್ಳಿ ಅಲ್ಲ. ನನ್ನ ಅಳಿಯ ಕಳ್ಳ. ನಂದು ತಪ್ಪಾಯ್ತು.”

ಆ ಕಡೆಯಿಂದ ಬಂದ ಮಾತು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. “ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಿತ್ತೇನೇ ನಿಂಗೆ? ಅಲ್ಲೇ ಇರು, ಬಂದೆ.”

ಒಡೆಸ್ಸಾ ಎದುರುಗಡೆಯ ಕಟ್ಟಡದವಳೇ. ಟೋಪಿ ಹಾಕಿಕೊಂಡು, ವಾಕರ್ ಊರಿಕೊಂಡು ಬಂದಳು. ಬಾಗಿಲಲ್ಲಿ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. “ದಪ್ಪ ಆಗಿದೀಯ,” ಎಂದಳು ಒಬ್ಬಳು. “ನೀನೂ ಏನು ಕರಗಿಲ್ಲ,” ಎಂದಳು ಇನ್ನೊಬ್ಬಳು. ಕ್ಷಮಾಪಣೆಯ ಶಾಸ್ತ್ರ ಅಲ್ಲಿಗೆ ಮುಗಿಯಿತು; ಇಬ್ಬರೂ ಕಣ್ಣೊರೆಸಿಕೊಂಡರು. ಆಮೇಲೆ ಒಡೆಸ್ಸಾ ವಾಕರ್‌ಗೆ ಕಟ್ಟಿ ತಂದಿದ್ದ, ನ್ಯೂಸ್‌ಪೇಪರಿನಲ್ಲಿ ಸುತ್ತಿದ ಚೌಕನೆಯ ಗಂಟು ಬಿಚ್ಚಿದಳು. ನೇರಳೆ ಲೇಬಲ್ಲು, ಪಾರಿವಾಳ.

“ನನ್ನ ಹತ್ರ ನಂದೇ ಒಂದಿರುವಾಗ ನಿಂದು ಯಾಕೆ ಕದೀಲೇ ನಾನು? ಒಂದು ಮಾತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ.”

ರೂಪರ್ಟ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಲೇಬಲ್ ಓದಿದ. ತನ್ನ ಬಾಳನ್ನು ಕಟ್ಟಿದ ಪ್ಲೇಟಿನ ಹೆಸರನ್ನು ಅವನು ಓದಿದ್ದು ಅದೇ ಮೊದಲು. ಹಾಕಿ ನೋಡಿದರು. ಹಾಡು ಎದ್ದಿತು, ಆರ್ಗನ್ ಬಿಕ್ಕಿ ನಿಂತಿತು, ಗೆಜ್ಜೆ, ‘ಧಮ್’. ಡೆಲ್‌ರಾಯ್ ಟೋಪಿ ತೆಗೆದ.

ಪ್ರಿಸಿಲ್ಲಾ ವಾಂಗ್ ಆ ಚರ್ಚು ಈಗ ಯಾರ ಕೈಯಲ್ಲಿದೆ ಎಂದು ವಿಚಾರಿಸಿದಳು. ಮೌಂಟ್ ನೀಬೋ ಚರ್ಚು ಮುಚ್ಚಿ ಬಹಳ ಕಾಲವಾಗಿತ್ತು, ಮಿಸ್ ಯೂಲಾ ಈಗ ಹೋಗುತ್ತಿದ್ದುದು ಬೇರೆ ಚರ್ಚಿಗೆ. ಅದರ ಹಿರಿಯರ ಮಂಡಳಿಯಲ್ಲಿ ಉಳಿದವರು ಈ ಇಬ್ಬರೇ. ಇವರಿಬ್ಬರ ಒಪ್ಪಿಗೆ ಸಿಕ್ಕರೆ ಹಾಡು ಸಂಕಲನದ ಒಳಗೆ ಎಂದಳು ವಕೀಲೆ. ಒಡೆಸ್ಸಾ, ಮೀನು ಬಿಸಿ ಇದ್ದರೆ ತನ್ನ ಒಪ್ಪಿಗೆ ಇದೆ ಎಂದಳು. ಎಲ್ಲರೂ ಮಿಸ್ ಯೂಲಾಳ ಕಡೆ ತಿರುಗಿದರು.

“ನನ್ನ ಕಾಲಿನ ಮೇಲೆ ಏನು ಕಟ್ಟಿದಾರೆ ಅಂತ ನಂಗೆ ಗೊತ್ತಿಲ್ಲ,” ಎಂದಳು ಅವಳು. “ಕೇಳ್ದೆ ಹ್ಞೂ ಅನ್ನಲ್ಲ.”

“ಮಮ್ಮಾ,” ಎಂದಳು ಲೊರೇನ್, “ಅದರಲ್ಲಿ ಟೆಡ್ಡಿ ಇದಾನೆ.”

“ಅದು ನಂಗೆ ಗೊತ್ತಿದೆ. ಹಾಕು ರೂಪರ್ಟ್.”

ರೂಪರ್ಟ್ ‘ಲ್ಯಾಂಪ್ ಪೋಸ್ಟ್’ ಪ್ಲೇಟನ್ನು ಮತ್ತೆ ಏರಿಸಿ, ಈ ಸಲ ಹಾಡಿರುವ ಮಗ್ಗುಲು ಹಾಕಿದ. ಮೊದಲ ಕೂಗು ಬಂತು. ಮಿಸ್ ಯೂಲಾ ಕಿಟಕಿಯ ಕಡೆ ಹೋಗಲಿಲ್ಲ. ಮೊದಲನೆಯವನ ಚರಣ, ಎರಡನೆಯವನ ಚರಣ, ಆಮೇಲೆ ಟೆಡ್ಡಿ. ತೆಳ್ಳಗಿನ, ಆತುರದ, ನಗೆ ತುಂಬಿದ ದನಿ. ಉಸಿರು ಸಾಲದವನಂತೆ ಒಂದರ ಮೇಲೊಂದು ಮಾತು. ಬೀದಿಯ ಹೆಸರು, ಅಂಗಡಿಗಳ ಹೆಸರು, ಗೆಳೆಯರ ಹೆಸರು. ಲೊರೇನ್ ಗೋಡೆಯ ಕಡೆ ಮುಖ ತಿರುಗಿಸಿದಳು. ವೆಂಡೆಲ್ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಅಳುತ್ತಿದ್ದ. ಮೀನು ಅವನ ಹಿಂದೆ ಕರ್ರಗಾಗುತ್ತಿತ್ತು.

“ಓಡ್ತಿದಾನೆ,” ಎಂದಳು ಮಿಸ್ ಯೂಲಾ. “ಚರ್ಚಲ್ಲೂ ಹೀಗೇ. ತಾಳಕ್ಕಿಂತ ಮುಂದೆ ಓಡೋನು. ‘ನಿಂತ್ಕೊಳ್ಳೋ, ಅಮ್ಮನ ಕಾಲು ನೋಡ್ಕೊಂಡು ಹಾಡೋ’ ಅಂತ ಹೇಳಿ ಹೇಳಿ ಸಾಕಾಗಿತ್ತು ನಂಗೆ.”

ಅವಳು ಹೀಗೆನ್ನುತ್ತಿದ್ದಂತೆಯೇ ಟೆಡ್ಡಿ ಸಾಲಿನ ನಡುವೆ ತಟ್ಟನೆ ಮಾತು ನಿಲ್ಲಿಸಿದ. ‘ಧಮ್’ ಒಂದೇ ಕೇಳಿಸಿತು. ಅವನು ಒಮ್ಮೆ ನಕ್ಕ, ಮತ್ತೆ ಆ ಹೆಜ್ಜೆಯ ಜೊತೆಗೇ ಹೊರಟ.

ರೂಪರ್ಟ್‌ನ ಕೈ ಪ್ಲೇಟಿನ ಮೇಲೆ ಹೋಗಿ ಅದನ್ನು ಮೆಲ್ಲಗೆ ನಿಲ್ಲಿಸಿತು. “ಇಲ್ಲಿ ಯಾಕೋ ಬಾಯಿ ಮುಚ್ತೀಯ ಅಂತ ಸ್ಟುಡಿಯೋದಲ್ಲಿ ಎಷ್ಟು ಬೈದಿದ್ದೆ ನಾನು. ಕೇಳ್ಲೇ ಇಲ್ಲ. ‘ಸುಮ್ನಿರು ರೂಪರ್ಟ್, ಈ ಕಾಲು ನಂಗೆ ಗೊತ್ತು, ಇದಕ್ಕೆ ದಾರಿ ಬಿಡಬೇಕು’ ಅಂದ. ಏನೋ ಹುಚ್ಚುಹುಚ್ಚಾಗಿ ಹೇಳ್ತಾನೆ ಅಂದ್ಕೊಂಡೆ.”

ಮಿಸ್ ಯೂಲಾ ಕುರ್ಚಿ ಹುಡುಕಿಕೊಂಡು ಕೂತಳು. ಒಡೆಸ್ಸಾ ಅವಳ ಕೈ ಹಿಡಿದುಕೊಂಡಳು. ಪ್ರಿಸಿಲ್ಲಾ ವಾಂಗ್ ಬಹಳ ಸಣ್ಣ ದನಿಯಲ್ಲಿ, ಪ್ಲೇಟಿನ ಮೇಲೆ ಹೆಸರು ಹೇಗೆ ಹಾಕಬೇಕೆಂದು ಕೇಳಿದಳು.

“ಅವನ ಹೆಸರು ಮೇಲೆ ಹಾಕಮ್ಮ. ನಂದು ಕೆಳಗಿರ್ಲಿ. ಕಾಲು ಕೆಳಗೇ ಇರಬೇಕಾದ್ದು.” ಅವಳು ಮೂಗು ಒರೆಸಿಕೊಂಡಳು. “ಇನ್ನೊಂದ್ಸಲ ಹಾಕು ರೂಪರ್ಟ್. ಈ ಸಲ ಅವನು ಓಡಿದ್ರೂ ಓಡ್ಲಿ. ನಾನೇನೂ ಅನ್ನಲ್ಲ.”